ಗುರುಗ್ರಹಕ್ಕೆ ಹೋದ ಹೆಸರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಹೆಸರು ಟೈಪು ಮಾಡಿದರೆ ಗುರುಗ್ರಹಕ್ಕೇ ಹೋಯಿತು. ಗಾದೆಯ ಈ ಬಾಲ ಹಿರಿಯರು ಕಟ್ಟಿದ್ದಲ್ಲ, ಕಾರವಾರದ ಫ್ಲೆಕ್ಸ್ ಅಂಗಡಿಯ ಕಿಶನ ಹರಿಕಂತ್ರ ಅಂಟಿಸಿದ್ದು. ಆದರೆ ನಾಯಿಗಿಂತ ಬಾಲವೇ ನೆಟ್ಟಗಿರುವ ಕಾಲ ಇದು. ಮುಂದಿನದೆಲ್ಲ ನಡೆದದ್ದೇ. ಇದರಲ್ಲಿ ಸುಳ್ಳೇನಾದರೂ ಕೈಗೆ ಸಿಕ್ಕರೆ ಅದು ಕಿಶನ ಹೇಳಿದ್ದಿರಬೇಕು, ಇಲ್ಲವೇ ಅವನಿಗೆ ಶಾಲೆಯಲ್ಲಿ ಕಲಿಸಿದ ಅಕ್ಕೋರು ಹೇಳಿದ್ದಿರಬೇಕು. ಕತೆಯ ಮೇಲೆ ಅಪವಾದ ಬೇಡ.

ಆ ಶನಿವಾರ ಬೆಳಿಗ್ಗೆ ಪ್ರಿಂಟರಿನ ಬಾಯಿಯಿಂದ ಜಯಾ ಅಕ್ಕೋರು ಇಂಚಿಂಚಾಗಿ ಹೊರಗೆ ಬರುತ್ತಿದ್ದರು. ಮೊದಲು ನರೆತ ಬೈತಲೆ, ಆಮೇಲೆ ಹಣೆ, ಹಣೆಯ ಕೆಳಗೆ ಕನ್ನಡಕದ ಮೇಲಂಚು. ಯಂತ್ರ ಎಡಕ್ಕೂ ಬಲಕ್ಕೂ ಓಡಾಡಿ ಗೆರೆಯ ಮೇಲೆ ಗೆರೆ ಎಳೆಯುತ್ತಿರುವಾಗ ಕಣ್ಣು ಬರುವ ಮೊದಲೇ ಅಂಗಡಿಯ ಹೊರಗೆ ಹೋಗಿ ನಿಂತುಬಿಡೋಣ ಎನಿಸಿತು ಕಿಶನನಿಗೆ, ಹೋಗಲಿಲ್ಲ. ಕಣ್ಣು ಬಂತು. ಆರಡಿಯ ಫ್ಲೆಕ್ಸಿನಲ್ಲಿ ಒಂದೊಂದು ಕಣ್ಣು ಒಂದೊಂದು ಬಟ್ಟಲಿನಷ್ಟು. ದೊಡ್ಡದು ಮಾಡಿದರೆ ಎಂಥ ಮುಖವೂ ಬೈಯುವ ಮುಖವಾಗುತ್ತದೆ ಎಂಬುದು ಹದಿನೈದು ವರ್ಷದ ಅಂಗಡಿ ಅವನಿಗೆ ಕಲಿಸಿದ ಪಾಠ. ಹುಟ್ಟುಹಬ್ಬದ ಪುಢಾರಿ, ಶ್ರದ್ಧಾಂಜಲಿಯ ಅಜ್ಜ, ಎಲ್ಲರೂ ಫ್ಲೆಕ್ಸಿಗೆ ಬಂದಕೂಡಲೇ ಸಿಟ್ಟಿನವರಾಗುತ್ತಾರೆ. ಅಕ್ಕೋರು ಮಾತ್ರ ಆಗಲಿಲ್ಲ. ಲೆಕ್ಕ ಸರಿ ಮಾಡಿದ ಹುಡುಗನನ್ನು ನೋಡುವ ಹಾಗೆ ನೋಡುತ್ತಲೇ ಗಲ್ಲದವರೆಗೆ ಇಳಿದು ಬಂದರು. ಅವರ ಕೆಳಗೆ ನೀಲಿ ಪಟ್ಟಿ, ಪಟ್ಟಿಯೊಳಗೆ ಬೋರ್ಡಿಂಗ್ ಪಾಸು: ಪ್ರಯಾಣಿಕರು, ಜಯಾ ಹೆಗಡೆ. ಹೋಗುವ ಜಾಗ, ಯುರೋಪಾ. ಹಿಂದಿನ ರಾತ್ರಿ ಪೂರ್ಣಿಮಾ ಬಡಿಸುತ್ತ ಬಡಿಸುತ್ತ ಗಂಡನ ಮುಖ ನೋಡಿ ಹೇಳಿದ್ದಳು: "ಎಂತಾ ಆಗಿದೆ ನಿಮಗೆ? ಮೂರು ದಿನದಿಂದ ನಿಮ್ಮದೇ ಧ್ವನಿಲಿ ಮಾತಾಡ್ತಿದ್ರಿ." ಅದು ನಿಜವಾಗಿತ್ತು. ಮಿಮಿಕ್ರಿಯ ಗೀಳಿನಲ್ಲಿ ಹಾಲಿನವನಿಗೆ ತಹಶೀಲ್ದಾರರ ಧ್ವನಿಯಲ್ಲಿ, ಮಗಳಿಗೆ ಬೋಟಿನ ಇಂಜಿನ್ನಿನ ಧ್ವನಿಯಲ್ಲಿ, ಹೆಂಡತಿಗೆ ಅವಳ ಅಣ್ಣನ ಧ್ವನಿಯಲ್ಲಿ ಉತ್ತರ ಕೊಡುತ್ತಿದ್ದವನಿಗೆ ತನ್ನ ಸ್ವಂತ ಗಂಟಲು ಬಾಡಿಗೆಯ ಮನೆಯಂತೆ ತೋರತೊಡಗಿತ್ತು. ಒಳಗೆ ಮಾತಾಡಿದರೆ ಪ್ರತಿಧ್ವನಿ ಬರುತ್ತಿತ್ತು.

ಯುರೋಪಾ ಎಂದರೆ ಗುರುಗ್ರಹದ ಸುತ್ತ ತಿರುಗುವ ಚಂದ್ರರಲ್ಲಿ ಒಂದು. ಮೇಲೆ ದಪ್ಪ ಹಿಮದ ತೊಗಟೆ, ತೊಗಟೆಯ ಅಡಿಯಲ್ಲಿ ಸಮುದ್ರ. ನಮ್ಮ ಅಷ್ಟೂ ಸಮುದ್ರಗಳ ನೀರಿಗಿಂತ ಹೆಚ್ಚು ನೀರಿದೆಯೆಂದು ಬಲ್ಲವರ ಅಂದಾಜು. ಅದನ್ನು ನೋಡಲಿಕ್ಕೆಂದು ಅಮೆರಿಕದವರು ಕ್ಲಿಪರ್ ಎಂಬ ನೌಕೆ ಕಟ್ಟಿದರು, ಆಳಿಲ್ಲದ್ದು, ಬರೀ ಯಂತ್ರ. ಯಂತ್ರದ ಜೊತೆ ಜನರ ಹೆಸರನ್ನೂ ಕಳಿಸುತ್ತೇವೆ, ಯಾರು ಬೇಕಾದರೂ ಕೊಡಿ, ಪುಕ್ಕಟೆ, ಕೂದಲಿಗಿಂತ ಸಪೂರದ ಅಕ್ಷರದಲ್ಲಿ ಉಗುರಿನಷ್ಟು ಸಿಲಿಕಾನ್ ಚಿಪ್ಪಿನ ಮೇಲೆ ಕೆತ್ತುತ್ತೇವೆ ಎಂದರು. ಇಪ್ಪತ್ತಾರು ಲಕ್ಷ ಹೆಸರು ಬಂದವು. ಅವುಗಳಲ್ಲಿ ಒಂದಕ್ಕಾಗಿ, ಎರಡು ಸಾವಿರದ ಇಪ್ಪತ್ತಮೂರರ ಡಿಸೆಂಬರಿನ ಒಂದು ಸಂಜೆ, ಅಂಕೋಲೆಯಿಂದ ಅಕ್ಕೋರು ಫೋನು ಮಾಡಿದ್ದರು.

"ತಮಾ, ಪೇಪರಲ್ಲಿ ಓದಿದೆ. ನಂಗೆ ಈ ಆನ್‌ಲೈನ್ ಗೀನ್‌ಲೈನ್ ಬರುದಿಲ್ಲ. ನಂದೊಂದು ಹೆಸರು ಹಾಕ್ತ್ಯನಾ?"

"ಹಾಕುವಾ ಅಕ್ಕೋರೇ, ಅದೆಂತ ದೊಡ್ಡ ಕೆಲಸ."

"ದೊಡ್ಡದೇ ಮಾರಾಯಾ. ಅಜ್ಜಿ ಹೆಸರು ಮೊಮ್ಮಗಳಿಗೆ ಇಡುದು ನಮ್ಮ ಬದಿಗೆ ಪದ್ಧತಿ. ಮದುವೆನೇ ಆಗದವಳ ಹೆಸರು ಯಾರಿಗೆ ಇಡುದು? ಒಂದು ಯಂತ್ರನಾದ್ರೂ ಹೊತ್ಕಂಡು ಹೋಗ್ಲಿ." ಅವರು ನಕ್ಕಿದ್ದರು. ಬಾಯಿ ಮುಚ್ಚಿಕೊಂಡು ಮೂಗಿನಿಂದ ಬಿಡುವ ಎರಡು ತುಂಡು ನಗು, ಅಷ್ಟೇ.

ಫೋನು ಇಟ್ಟಾಗ ಅಂಗಡಿಯಲ್ಲಿ ನಾಲ್ಕು ಜನ ಗೆಳೆಯರಿದ್ದರು. ಇರಬಾರದಿತ್ತು. ಮಿಮಿಕ್ರಿಯವನ ಮುಂದೆ ನಾಲ್ಕು ಜನ ಕೂತರೆ ಅದು ಸಭೆ, ಸಭೆ ಎಂದಮೇಲೆ ಚಪ್ಪಾಳೆ ಬೇಕು. ಕಿಶನ ಟವೆಲಿನ ತುದಿಯನ್ನು ಸೆರಗಿನಂತೆ ಮೂಗಿಗೆ ಒತ್ತಿಕೊಂಡು ಆ ಅಷ್ಟೂ ಮಾತನ್ನು ಅಕ್ಕೋರ ಗುಂಯ್‌ಗುಟ್ಟುವ ಧ್ವನಿಯಲ್ಲಿ ಮತ್ತೊಮ್ಮೆ ಆಡಿದ, ಮೊಮ್ಮಗಳ ಮಾತನ್ನೂ ಬಿಡಲಿಲ್ಲ. ನಗುವಿನಲ್ಲಿ ಒಬ್ಬನ ಕೈಯ ಚಹ ಕೀಬೋರ್ಡಿನ ಮೇಲೆ ಚೆಲ್ಲಿತು. ಅದನ್ನು ಒರೆಸುತ್ತ ಒರೆಸುತ್ತ, ಪರದೆಯ ಮೇಲೆ ಹೆಸರು ಎಂದು ಕೇಳಿದ್ದ ಖಾಲಿ ಜಾಗದಲ್ಲಿ, ಮೂವತ್ತನಾಲ್ಕು ವರ್ಷದ ಹಿಂದೆ ಮಾಜಾಳಿಯ ಶಾಲೆಯಲ್ಲಿ ತಾನೇ ಹುಟ್ಟಿಸಿದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ: ಬಂಗಡೆ ಅಕ್ಕೋರು. ನಿಮ್ಮ ಹೆಸರು ಸ್ವೀಕರಿಸಲಾಗಿದೆ ಎಂದು ಪರದೆ ಭಾರಿ ಮರ್ಯಾದೆಯಿಂದ ಉತ್ತರ ಕೊಟ್ಟಿತು, ಆ ಹೆಸರಿನದೊಂದು ಬೋರ್ಡಿಂಗ್ ಪಾಸನ್ನೂ ಕೊಟ್ಟಿತು. ನಾಳೆ ಸರಿಯಾದದ್ದು ಹಾಕುವಾ ಎಂದುಕೊಂಡ. ಕೊನೆಯ ತಾರೀಕಿಗೆ ಇನ್ನೂ ಮೂರು ವಾರವಿತ್ತು. ಆ ಮೂರು ವಾರದಲ್ಲಿ ಎಷ್ಟೋ ಸಲ ಅದೇ ಕುರ್ಚಿಯಲ್ಲಿ ಕೂತ, ಎಷ್ಟೋ ಜನರ ಮಕ್ಕಳ ನಾಮಕರಣದ ಆಮಂತ್ರಣ ಮಾಡಿದ. ಹೊಸ ವರ್ಷದ ದಿನ ಹೆಸರು ಕೊಡುವ ಬಾಗಿಲು ಮುಚ್ಚಿತು. ಮರೆತೇಹೋಯಿತು ಎಂದು ತನಗೇ ಹೇಳಿಕೊಂಡ. ಆಮೇಲೆ ಆ ಪಾಸಿನ ಚಿತ್ರದಲ್ಲಿ ಹೆಸರು ಅಳಿಸಿ, ಜಯಾ ಹೆಗಡೆ ಎಂದು ಅದೇ ಅಕ್ಷರದ ಮಾದರಿಯಲ್ಲಿ ಕೂಡಿಸಿ, ಲ್ಯಾಮಿನೇಶನ್ ಮಾಡಿಸಿ ಕೊಟ್ಟ. ಲ್ಯಾಮಿನೇಶನ್ನಿಗೂ ದುಡ್ಡು ತೆಗೆದುಕೊಳ್ಳಲಿಲ್ಲವಲ್ಲ ಎಂದು ಅಕ್ಕೋರು ನೊಂದುಕೊಂಡರು.

ಮುಂದಿನ ಅಕ್ಟೋಬರಿನಲ್ಲಿ ನೌಕೆ ಹಾರಿತು. ಆಡಿದ ತಪ್ಪು ಮಾತಿಗೆ ಕ್ಷಮೆ ಕೇಳಬಹುದು, ಬರೆದ ಗೋಡೆಗೆ ಸುಣ್ಣ ಬಳಿಯಬಹುದು, ಹಚ್ಚಿದ ಫ್ಲೆಕ್ಸನ್ನು ಹರಿದು ಮೀನಿನ ಬುಟ್ಟಿಗೆ ಹೊದೆಸಬಹುದು. ಇದು ಮಾತ್ರ ದಿನಕ್ಕೆ ಲಕ್ಷಾಂತರ ಕಿಲೋಮೀಟರು ದೂರ ಓಡುತ್ತಿತ್ತು. ಹಲ್ಲುಜ್ಜುವಾಗ ಓಡುತ್ತಿತ್ತು, ಊಟಕ್ಕೆ ಕೂತಾಗ ಓಡುತ್ತಿತ್ತು, ಅವನು ಮರೆತ ತಾಸುಗಳಲ್ಲಿ ಇನ್ನೂ ಜೋರಾಗಿ ಓಡಿತ್ತು ಎಂದು ನೆನಪಾದಾಗ ತಿಳಿಯುತ್ತಿತ್ತು. ಇವತ್ತು, ಮಾರ್ಚ್ ಒಂದು, ಅದು ಮಂಗಳನ ಪಕ್ಕದಲ್ಲಿ ಹಾಯುವ ದಿನ. ನಿನ್ನೆಯ ವಿಜ್ಞಾನ ದಿನವನ್ನು ಅಂಕೋಲೆಯ ಒಂದು ಹೈಸ್ಕೂಲಿನವರು ಇದಕ್ಕೇ ಅಂತ ಒಂದು ದಿನ ಮುಂದೆ ಹಾಕಿದ್ದರು. ಅಲ್ಲಿನ ವಿಜ್ಞಾನದ ಟೀಚರು ಪ್ರಣತಿ ಫೋನಿನಲ್ಲಿ ಹೇಳಿದ್ದಳು: "ಅಕ್ಕೋರೇ ಮುಖ್ಯ ಅತಿಥಿ ಸರ್. ಪಾಸು ದೊಡ್ಡದಾಗಿ ಕಾಣ್ಬೇಕು. ಹನ್ನೊಂದೂವರೆಗೆ ಕಾರ್ಯಕ್ರಮ, ನೀವೇ ಅವರನ್ನ ಕರ್ಕೊಂಡು ಬನ್ನಿ, ಅವರ ಪಟ್ಟಶಿಷ್ಯರಂತಲ್ಲ ನೀವು." ಪಟ್ಟಶಿಷ್ಯ. ಇನ್ನೂರು ಮಕ್ಕಳ ಎದುರು ಇಲ್ಲದ ಹೆಸರನ್ನು ತೋರಿಸಿ ಇದು ನಾನು ಎಂದು ಅಕ್ಕೋರು ಹೇಳುವ ಮೊದಲು ಹೇಳಿಬಿಡಬೇಕು. ಅಥವಾ ಹೇಳಬಾರದು. ಆ ಚಿಪ್ಪನ್ನು ಯಾವ ನರಮನುಷ್ಯ ಹೋಗಿ ಓದುತ್ತಾನೆ?

ಬಸ್ಸಿನಲ್ಲಿ ಫ್ಲೆಕ್ಸಿನ ಸುರುಳಿಯನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಕೂತ. ಕಂಡಕ್ಟರ್ ಜಟ್ಟು ಗುರುತಿನವನು, ಶಾಲೆಯಲ್ಲಿ ಎರಡು ವರ್ಷ ಕೆಳಗಿದ್ದವನು.

"ಏ ಕಿಶನಣ್ಣ, ಆ ಸುರುಳಿಲಿ ಸುತ್ಕಂಡಿದ್ದು ಯಾರು?"

"ಜಯಾ ಅಕ್ಕೋರು."

"ಹೆಂಗಸಾದ್ರೆ ಫ್ರೀ. ಆಧಾರ್ ಕಾರ್ಡ್ ತೋರ್ಸಿ. ಹೆಸರು ಸಮಾ ಇರ್ಬೇಕು ಮತ್ತೆ, ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಇಲ್ಲೇ ಬಿಣಗಾದಲ್ಲಿ ಇಳಿಸ್ತೆ!"

ಮುಂದಿನ ಸೀಟಿನ ಮೀನಿನ ಹೆಂಗಸರು ಹೋ ಎಂದು ನಕ್ಕರು. ಜಟ್ಟು ಅಷ್ಟಕ್ಕೆ ಬಿಡಲಿಲ್ಲ. "ಅವರ ಮಿಮಿಕ್ರಿ ಒಂದು ಬಿಡಿ ನೋಡ್ವಾ ಅಣ್ಣ. ತಿಳೀದಿದ್ರೆ ಕೈ ಎತ್ತು, ತಿಳಿದಿದ್ರೆ ಬಾಯಿ ಮುಚ್ಚು. ಹಹ್ಹಾ, ನಂಗೆ ನಿಮ್ಮಷ್ಟು ಬರುದಿಲ್ಲ." ಕಿಶನ ಗಂಟಲು ಸರಿಮಾಡಿಕೊಂಡ. ಅಭ್ಯಾಸ. ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಸುರಂಗದೊಳಗೆ ಹೊಕ್ಕಿತು. ಕತ್ತಲು, ಹಳದಿ ದೀಪ, ಇಂಜಿನ್ನಿನ ಶಬ್ದ ಇಮ್ಮಡಿಯಾಯಿತು. ಹೊರಗೆ ಬಂದಾಗ ಅವನ ಬಾಯಿ ತೆರೆದೇ ಇತ್ತು, ಒಳಗಿಂದ ಏನೂ ಬಂದಿರಲಿಲ್ಲ. "ಇವತ್ತು ಸ್ಟಾಕಿಲ್ಲ ಅಂಬ್ರಾ," ಎಂದು ಮೀನಿನ ಹೆಂಗಸೊಬ್ಬಳು ಹೇಳಿದಳು. ಬುಟ್ಟಿಯಿಂದ ಬಸಿದ ನೀರು ಅವನ ಚಪ್ಪಲಿಯವರೆಗೆ ಹರಿದು ಬರುತ್ತಿತ್ತು. ಅವನು ಕಾಲು ತೆಗೆಯಲಿಲ್ಲ. ತೆಗೆದರೆ ಅವಳು ನೋಡುತ್ತಾಳೆ.

ಕಾಲು ತೆಗೆಯುವುದನ್ನು ನೋಡುವ ಕಣ್ಣು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಎಂಬತ್ತೊಂಬತ್ತರ ಆಗಸ್ಟು. ಮಳೆಯ ಅಬ್ಬರ ಇಳಿದು ದೋಣಿ ನೀರಿಗಿಳಿದ ವಾರ. ಹಟ್ಟಿಕೇರಿ ಕಡೆಯಿಂದ ಮಾಜಾಳಿಯ ಶಾಲೆಗೆ ವರ್ಗವಾಗಿ ಬಂದ ಹೊಸ ಅಕ್ಕೋರು ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಿಂದ ನೆಪ್ಚೂನ್ ಬರೆಯುತ್ತಿದ್ದರು. ವಾಯೇಜರ್ ಎಂಬ ಯಂತ್ರ ಹನ್ನೆರಡು ವರ್ಷ ನಡೆದು ಈ ವಾರ ಅಲ್ಲಿಗೆ ಮುಟ್ಟುತ್ತದೆ, ಅದಕ್ಕೆ ಹುಟ್ಟು ಹಾಕುವವರಿಲ್ಲ. ಇಳಿತದ ನೀರು ದೋಣಿಯನ್ನು ತಾನೇ ಎಳೆದೊಯ್ಯುವ ಹಾಗೆ ಗ್ರಹಗಳ ಸೆಳೆತವೇ ಅದನ್ನು ಮುಂದಿನ ಗ್ರಹಕ್ಕೆ ದೂಡುತ್ತದೆ ಎಂದು ಅವರು ಹೇಳುವಾಗ, ಹರಿಕಂತ್ರರ ಕೇರಿಯ ಎಂಟನೇ ಇಯತ್ತೆಯ ಕಿಶನನಿಗೆ ಮೊಟ್ಟಮೊದಲ ಬಾರಿಗೆ ಶಾಲೆಯಲ್ಲಿ ಆಡುತ್ತಿರುವ ಮಾತು ತನ್ನ ಮನೆಯ ಮಾತು ಎನಿಸಿತ್ತು. ಆಗಲೇ ಬಾಗಿಲಲ್ಲಿ ಅವನ ತಾಯಿ, ಅವ್ವಿ, ನಿಂತದ್ದು. ದುರ್ಗಿ. ಕೈಯಲ್ಲಿ ಅಡಿಕೆ ಹಾಳೆ, ಹಾಳೆಯ ತುಂಬ ಬಂಗಡೆ ಮೀನು, ಮೊದಲ ದೋಣಿಯದು, ಬೆನ್ನು ಇನ್ನೂ ನೀಲಿ ಹಸಿರಾಗಿ ಹೊಳೆಯುತ್ತಿದ್ದವು. ವರ್ಷದ ಮೊದಲ ಪಾಲು ದೇವರಿಗೆ, ಎರಡನೆಯದು ಮಾಸ್ತರರಿಗೆ. ಅದು ಕೇರಿಯ ರೂಢಿ. ಹೊಸ ಅಕ್ಕೋರು ಬ್ರಾಹ್ಮಣರೆಂದು ಅವಳಿಗೆ ತಿಳಿಯದೇ ಇರಲಿಲ್ಲ. ತಿಳಿದದ್ದೇ ತಪ್ಪಾಯಿತು. ಕಾರವಾರದಲ್ಲಿ ಬಾಮಣ ಎಂದರೆ ಕೊಂಕಣಿ ಬಾಮಣ. ಮೀನಿನ ಬೆಲೆ ಚೌಕಾಶಿ ಮಾಡಲಿಕ್ಕೆ ಅವರಷ್ಟು ಬಲ್ಲವರಿಲ್ಲ. ಹಿಂದಿನ ಮಾಸ್ತರರಂತೂ ಬಂಗಡೆಯ ತಲೆಯನ್ನೂ ಬಿಡುತ್ತಿರಲಿಲ್ಲ. ಬಾಮಣರಲ್ಲಿ ಮೀನು ಮುಟ್ಟದ ಹವ್ಯಕರೆಂಬ ಜಾತಿಯಿದೆ ಎಂದು ದುರ್ಗಿಗೆ ಯಾರು ಹೇಳಬೇಕು? ಅಕ್ಕೋರು ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಸೆರಗು ಮೂಗಿಗೆ ಹೋಯಿತು. ಸೆರಗಿನ ಒಳಗಿಂದ, "ಹೊರಗೆ, ಹೊರಗೆ ಇಡು" ಎಂದರು. ತರಗತಿ ನಕ್ಕಿತು. ಅವ್ವಿಯೂ ನಕ್ಕಳು, ಏಕೆಂದು ತಿಳಿಯದೆ. ಆ ನಗುವನ್ನು ಕಿಶನ ಇಂದಿಗೂ ಅನುಕರಿಸಿಲ್ಲ.

ಮರುದಿನ ಅಕ್ಕೋರು ಅವನನ್ನು ಎರಡನೇ ಬೆಂಚಿನಿಂದ ಕಿಟಕಿಯ ಪಕ್ಕಕ್ಕೆ ಕಳಿಸಿದರು. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಅದು ಮೆಚ್ಚುಗೆಯೆಂದು ಮನೆಯಲ್ಲಿ ಹೇಳಿದ. ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಬೀಸುತ್ತದೆಂದು ಮೀನುಗಾರರ ಹುಡುಗನಿಗೆ ಗೊತ್ತಿರಲಿಲ್ಲವೆಂದಲ್ಲ. ಅದೇ ದಿನ ಮಧ್ಯಾಹ್ನದ ಬಿಡುವಿನಲ್ಲಿ ಪಾಟಿಚೀಲದ ಪಟ್ಟಿಯನ್ನು ಮೂಗಿಗೆ ಒತ್ತಿ ಮೊದಲ ಸಲ ಇನ್ನೊಬ್ಬರ ಧ್ವನಿಯಲ್ಲಿ ಮಾತಾಡಿದ. ಹುಡುಗರು ಬಿದ್ದು ಬಿದ್ದು ನಕ್ಕರು. ಬಂಗಡೆ ಅಕ್ಕೋರು ಎಂಬುದು ಸಂಜೆಯೊಳಗೆ ಕಾಳಿ ನದಿ ದಾಟಿತ್ತು.

ಹಟ್ಟಿಕೇರಿ ಬಂತು, ಹೋಯಿತು. ಅವರ್ಸಾದಲ್ಲಿ ಮೀನಿನ ಹೆಂಗಸರು ಇಳಿದರು. ಹೇಳುವ ವಾಕ್ಯವನ್ನು ಅವನು ಐದಾರು ಧ್ವನಿಗಳಲ್ಲಿ ಮನಸ್ಸಿನಲ್ಲೇ ಆಡಿ ನೋಡಿದ. ವಕೀಲರ ಧ್ವನಿಯಲ್ಲಿ ಅದು ಕೇವಲ ತಾಂತ್ರಿಕ ದೋಷವಾಗಿ ಕೇಳಿಸಿತು. ಹರಿದಾಸರ ಧ್ವನಿಯಲ್ಲಿ ವಿಧಿಯಾಟವಾಯಿತು. ಅವನ ಧ್ವನಿಯಲ್ಲಿ ಹೇಗೆ ಕೇಳುತ್ತದೆಂದು ಮಾತ್ರ ಗೊತ್ತಾಗಲಿಲ್ಲ.

ಅಕ್ಕೋರು ಜಗಲಿಯಲ್ಲೇ ಇದ್ದರು, ಗಂಜಿ ಹಾಕಿದ ಹಸಿರು ಸೀರೆ, ಕೈಯಲ್ಲಿ ಭಾಷಣದ ಚೀಟಿ. ಅರವತ್ತೆಂಟಕ್ಕೆ ಮೈ ಇಳಿದಿತ್ತು, ಫ್ಲೆಕ್ಸಿನ ಮುಖಕ್ಕೆ ಹೋಲಿಸಿದರೆ ಯಾರೋ ಅವರನ್ನು ಸಣ್ಣದು ಮಾಡಿ ಪ್ರಿಂಟು ತೆಗೆದ ಹಾಗೆ.

"ಬಂದ್ಯನಾ ತಮಾ? ಕೂಡು. ಆಸರಿಗೆ ಎಂತಾ ಬೇಕು, ಮಜ್ಜಿಗೆಯಾ ಕಷಾಯವಾ?"

"ಎಂತಾ ಬೇಡ್ರಾ ಅಕ್ಕೋರೇ."

"ಬೇಡ ಅನ್ನುವವರಿಗೆ ಮಜ್ಜಿಗೆ. ಕೇಳು, ಹಿಂಗೆ ಶುರು ಮಾಡುದು ಅಂತ ಮಾಡಿದ್ದೆ. ಮಕ್ಕಳೇ, ಇವತ್ತು ರಾತ್ರಿ ನೀವು ಮಲಗಿದಾಗ ನನ್ನ ಹೆಸರು ಮಂಗಳನ ಪಕ್ಕ ಒಂಬೈನೂರು ಕಿಲೋಮೀಟರು ಹತ್ತಿರದಲ್ಲಿ ಹಾಯ್ತದೆ. ಚಲೋ ಇದ್ಯನಾ? ಜಂಬ ಅನ್ನಿಸ್ತದಾ?"

ಮಜ್ಜಿಗೆಯ ಲೋಟದ ಅಂಚಿನಲ್ಲಿ ಒಂದು ಕರಿಬೇವಿನ ತುಂಡು ಅಂಟಿತ್ತು. ಅದು ಜಾರಿ ಕೆಳಗೆ ಬಿದ್ದ ಮೇಲೆ ಹೇಳುವುದೆಂದು ಕಿಶನ ನಿಶ್ಚಯಿಸಿದ. ಅದು ಜಾರಲಿಲ್ಲ. ಒಂದು ಕುಡಿತದಲ್ಲಿ ಅದನ್ನೂ ನುಂಗಿ ಹೇಳಿದ: "ಅದು ನಿಮ್ಮ ಹೆಸರಲ್ಲ ಅಕ್ಕೋರೇ."

"ಅಂದ್ರೆ?"

"ಹೋಗಿದ್ದು ಬೇರೆ ಹೆಸರು. ನಾನು... ಆಗ ಅಂಗಡೀಲಿ ದೋಸ್ತರು ಇದ್ರು. ತಮಾಷೆಗೆ. ಈ ಪಾಸು ನಾನು ಮಾಡಿದ್ದು. ಕಳ್ಳದ್ದು."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಎಂತಾ ಹೆಸರು?"

"ಮಕ್ಕಳೆಲ್ಲ ಹೇಳ್ತಿದ್ದದ್ದು."

"ಅದಕ್ಕೊಂದು ಉಚ್ಚಾರ ಇಲ್ವನಾ?"

"ಬಂಗಡೆ ಅಕ್ಕೋರು."

ರಸ್ತೆಯಲ್ಲಿ ಗ್ಯಾಸಿನ ಗಾಡಿ ಹೋಯಿತು. ಅಕ್ಕೋರು ಪರೀಕ್ಷೆಯ ಕೋಣೆಯ ಧ್ವನಿಯಲ್ಲಿ ಕೇಳಿದರು: "ಸ್ಪೆಲ್ಲಿಂಗ್ ಹೇಳು."

"ಅಕ್ಕೋರೇ..."

"ಎದ್ದು ನಿಂತು ಹೇಳು."

ನಲವತ್ತೆಂಟು ವರ್ಷದವನು ಎದ್ದು ನಿಂತ. ಬಿ, ಎ, ಎನ್, ಜಿ, ಎ, ಡಿ. ಅಲ್ಲಿ ತಡೆದ. "ಇ ಯಾ, ವೈ ಯಾ?" "ಇ." "ಹೂಂ. ಮುಂದೆ." ಒಂದೊಂದು ಅಕ್ಷರ ಹೇಳುವಾಗಲೂ ಅದು ಎಲ್ಲೋ ಚಿಪ್ಪಿನ ಮೇಲೆ ಈಗಷ್ಟೇ ಕೊರೆಯುತ್ತಿರುವ ಹಾಗೆ ಅವನಿಗೆ ಚರ್ಮ ಚುರುಗುಟ್ಟಿತು. ಮುಗಿದ ಮೇಲೆ ಅಕ್ಕೋರು ಚೀಟಿಯ ಮೊದಲ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿದರು.

"ಬೆನ್ನ ಹಿಂದೆ ಹೇಳುದು ನಂಗೆ ಗೊತ್ತಿತ್ತು. ಗಾಳೀಲಿ ಹೇಳಿದ್ದನ್ನ ಗಾಳಿ ತಕಂಡು ಹೋಗ್ತದೆ. ನೀನು ಕೆತ್ತಿಸಿದೆ." ಧ್ವನಿ ಏರಲಿಲ್ಲ. "ನಾನೂ ಇಲ್ಲದ, ನೀನೂ ಇಲ್ಲದ ಕಾಲಕ್ಕೂ ಅದೊಂದೇ ಇರ್ತದೆ. ಅಲ್ಲನಾ?"

ಅವರು ಒಳಗೆ ಹೋದರು. ನಲ್ಲಿ ತೆರೆದ ಶಬ್ದ ಬಂತು, ನಿಂತಿತು, ಮತ್ತೆ ಬಂತು. ಅಳುವುದನ್ನು ಮುಚ್ಚಲು ನಲ್ಲಿ ಬಿಟ್ಟರೋ, ಬರೀ ಲೋಟ ತೊಳೆದರೋ? ಯಾವ ಶಬ್ದ ಕೇಳಿದರೂ ಯಾರದೆಂದು ಹೇಳಬಲ್ಲ ತನ್ನ ಕಿವಿಗೆ ಇದು ತಿಳಿಯದೆ ಹೋದದ್ದು ಅವನಿಗೆ ಅವಮಾನವಾದಂತಾಯಿತು, ಇಂಥ ಹೊತ್ತಿನಲ್ಲೂ ತಾನು ತನ್ನ ಕಿವಿಯ ಬಗ್ಗೆ ಯೋಚಿಸುತ್ತಿದ್ದೇನಲ್ಲ ಎಂಬುದು ಅದಕ್ಕಿಂತ ದೊಡ್ಡ ಅವಮಾನ. ಸುರುಳಿಯನ್ನು ಇಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಗಿಬಿಡಬಹುದು. ಗೇಟಿನವರೆಗೆ ಹೋದ. ಗೇಟಿನ ಚಿಲಕ ಬಿಸಿಲಿಗೆ ಕಾದಿತ್ತು. ವಾಪಸು ಬಂದ.

ಅಕ್ಕೋರು ಮುಖ ತೊಳೆದುಕೊಂಡು ಬಂದಿದ್ದರು. "ಒಂದೇ ಕೇಳ್ತೆ. ತಮಾಷೆ ಒಂದು ಸಂಜೆದು. ಸರಿ ಮಾಡ್ಲಿಕ್ಕೆ ನಿಂಗೆ ಎಷ್ಟು ದಿನ ಇತ್ತು?"

"ಮೂರು ವಾರ."

"ಎಂತಕ್ಕೆ ಮಾಡ್ಲಿಲ್ಲ?"

"ಮರೆತೆ." ಹೇಳಿದಕೂಡಲೇ ಆ ಮಾತು ಬೇರೆ ಯಾರದೋ ಧ್ವನಿಯಂತೆ ಕೇಳಿಸಿತು, ಯಾವುದೋ ಕಚೇರಿಯ ಗುಮಾಸ್ತನದು. "ಮರೀಲಿಲ್ಲ ಅಕ್ಕೋರೇ. ದಿನಾ ನೆನಪಾಗ್ತಿತ್ತು. ಕೂತ್ರೆ ಕೈ ಬರ್ತಿರ್ಲಿಲ್ಲ. ನಿಮ್ಮ ಹೆಸರು ಅಷ್ಟು ದೂರ ಹೋಗ್ತದೆ, ನಮ್ಮವ್ವಿ ಆ ಹಾಳೆ ಹಿಡ್ಕಂಡು ಬಾಗಿಲ ಹೊರಗೆ ನಿಂತೇ ಇದ್ದಾಳೆ. ಹೊರಗೆ ಇಡು ಅಂದ್ರಿ. ಅವಳು ನಕ್ಕಳು. ಅವಳು ನಗಬಾರದಿತ್ತು." ಇದನ್ನು ಹೇಳಬೇಕೆಂದು ಅವನು ಬಸ್ಸಿನಲ್ಲಿ ಅಂದುಕೊಂಡಿರಲಿಲ್ಲ. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಅಂದುಕೊಂಡಿರಲಿಲ್ಲ ಎಂದರೆ ಸರಿಯಾದೀತು. ಗಂಟಲಲ್ಲಿ ಈ ಸಲ ಪ್ರತಿಧ್ವನಿ ಇರಲಿಲ್ಲ.

ಅಕ್ಕೋರು ಕುರ್ಚಿಯಲ್ಲಿ ಮೆಲ್ಲಗೆ ಕೂತರು. "ನಾತ ಬರ್ತಿತ್ತು ತಮಾ. ಸುಳ್ಳು ಹೇಳಿ ಎಂತಾ ಮಾಡುದು. ಮೊದಲನೇ ತಿಂಗಳು ದಿನಾ ವಾಂತಿ. ನಿನ್ನ ಕಿಟಕಿ ಹತ್ರ ಕೂಡ್ಸಿದ್ದೂ ಅದಕ್ಕೇ. ನಿಂಗೆ ಗೊತ್ತಾಗ್ಲಿಲ್ಲ ಅಂತ ಮಾಡಿದ್ದೆ." ಅವರು ಚೀಟಿಯನ್ನು ನಾಲ್ಕಾಗಿ ಮಡಚಿದರು. "ಆದ್ರೆ ನಿಂಗೆ ಅರ್ಧ ಕತೆ ಮಾತ್ರ ಗೊತ್ತಿದ್ದದ್ದು. ಮಾರನೇ ದಿನ ದುರ್ಗಿ ದಾರೀಲಿ ಸಿಕ್ಕಳು. ಹೆಂಗಾಗಿತ್ತು ಅಕ್ಕೋರೇ ಸಾರು, ಅಂದಳು. ನಂಗೆ ನಾಚಿಕೆ, ಹಿಂದಿನ ದಿನ ಹಾಂಗೆ ಮಾಡಿದ್ದಕ್ಕೆ. ಬಾಳ ಚಲೋ ಆಗಿತ್ತು ದುರ್ಗಿ, ಅಂದುಬಿಟ್ಟೆ."

"ಆಮೇಲೆ?"

"ಆಮೇಲೆಂತಾ? ವಾರ ವಾರ ತಂದಳು. ಮೂರು ವರ್ಷ! ಸಂಜೆ ನನ್ನ ಬಿಡಾರಕ್ಕೆ, ಹಿಂದಿನ ಬಾಗಿಲಿಗೆ. ಮಗಂಗೆ ಹೇಳ್ಬೇಡಿ, ಮಾರ್ಕಿನ ಆಸೆಗೆ ಕೊಟ್ಟಳು ಅಂತ ಜನ ಆಡ್ಕಂತ್ರು ಅಂತಿದ್ದಳು. ನಾನು ಉಸಿರು ಬಿಗಿಹಿಡಿದು ತಕಂತಿದ್ದೆ, ಅವಳು ಮರೆಯಾದಕೂಡ್ಲೆ ನಮ್ಮ ಪ್ಯೂನ್ ಹುಲಿಯಾನ ಮನೆಗೆ ಓಡ್ತಿದ್ದೆ. ಅವನಿಗೆ ಮೂರು ವರ್ಷದಲ್ಲಿ ಹೊಟ್ಟೆ ಬಂತು. ಇವಳೋ, ಪ್ರತಿ ವಾರ ಕೇಳುದು, ಹೆಂಗಾಗಿತ್ತು? ನಾನು ಹುಲಿಯಾನ ಹೆಂಡತಿ ಹತ್ರ ಕೇಳ್ಕಂಡು ಬಂದು ಒಪ್ಪಿಸುದು: ಈ ಸಲ ಹುಳಿ ಸ್ವಲ್ಪ ಮುಂದಾಯ್ತು ದುರ್ಗಿ, ತಿರ್ಫಲ ಹಾಕಿದ್ದೆ ದುರ್ಗಿ." ಬಂಗಡೆ ಸಾರಿನ ಪಾಕವನ್ನು ಅವರು ಶ್ಲೋಕದಂತೆ ಹೇಳಿದರು, ಒಂದು ಸಾಮಾನೂ ತಪ್ಪದೆ. "ಅವಳು ತೀರಿದಾಗ ಹೇಳ್ಬೇಕು ಅಂತ ಬಂದಿದ್ದೆ, ನಿಮ್ಮನೆಗೆ. ಹೇಳ್ಲಿಲ್ಲ. ನೀನು ಬಾಗಿಲಲ್ಲೇ ನಿಂತಿದ್ದೆ, ಯಾರದೋ ಧ್ವನಿಲಿ ಸಮಾಧಾನ ಹೇಳ್ತಿದ್ದೆ ಎಲ್ಲರಿಗೂ."

ಕಿಶನ ಆ ಸಂಜೆಗಳನ್ನು ನೆನೆದ. ಅವ್ವಿ ಕತ್ತಲಾಗುವ ಮುಂಚೆ ಖಾಲಿ ಹಾಳೆ ಹಿಡಿದು ಬರುತ್ತಿದ್ದಳು, ಹೌದು. ಬರುವಾಗ ಏನೋ ಗುಟ್ಟು ಗೆದ್ದವಳ ಹಾಗೆ ಇರುತ್ತಿದ್ದಳು. ಅದು ನೆನಪೋ, ಈಗ ಅಕ್ಕೋರು ಹೇಳಿದ ಮೇಲೆ ತಾನು ಕೂಡಿಸಿಕೊಂಡದ್ದೋ?

"ನಡಿ. ಆಟೋ ಕರಿ."

"ಫ್ಲೆಕ್ಸು?"

"ಅದನ್ನೂ ತಕಾ."

ಆಟೋದಲ್ಲಿ ಮಡಚಿದ ಚೀಟಿ ಅವರ ಮುಷ್ಟಿಯೊಳಗಿತ್ತು. ಕ್ಷಮಿಸಿದರೇ? ಮಕ್ಕಳ ಎದುರು ಪಾಸನ್ನೇ ನಿಜವೆಂದು ತೋರಿಸಿ ಅವನನ್ನು ಜೀವಮಾನದ ಪಾಲುದಾರನನ್ನಾಗಿ ಮಾಡುತ್ತಾರೋ? ಅಥವಾ ಹೆಸರು ಹಿಡಿದು ಎಬ್ಬಿಸಿ ನಿಲ್ಲಿಸುತ್ತಾರೋ? ಕೇಳಲು ಧೈರ್ಯವಾಗಲಿಲ್ಲ. ಶಾಲೆಯ ಗೇಟಿನಲ್ಲಿ ಪ್ರಣತಿ ಓಡಿ ಬಂದು ಅಕ್ಕೋರ ಕಾಲಿಗೆ ನಮಸ್ಕರಿಸಿ, ಫ್ಲೆಕ್ಸನ್ನು ಅವನ ಕೈಯಿಂದ ಕಿತ್ತುಕೊಂಡಳು. ಐದು ನಿಮಿಷದಲ್ಲಿ ಅದು ವೇದಿಕೆಯ ಹಿಂದೆ ತೂಗುತ್ತಿತ್ತು. ಹೆಡ್‌ಮಾಸ್ತರರು "ನಮ್ಮ ತಾಲೂಕಿನ ಹೆಸರನ್ನು ಅಂತರಿಕ್ಷದಲ್ಲಿ ಅಚ್ಚೊತ್ತಿದ" ಎಂದು ಆರಂಭಿಸಿದರು. ಕಿಶನನಿಗೆ ಮೊದಲ ಸಾಲಿನಲ್ಲಿ ಕುರ್ಚಿ. ಬೆವರು ಬೆನ್ನ ಮೇಲೆ ಒಂದೇ ಗೆರೆಯಾಗಿ ಇಳಿಯುತ್ತಿತ್ತು. ಏಳಬೇಕೆನಿಸಿತು, ನೀರು ಕುಡಿಯಬೇಕೆನಿಸಿತು, ಫ್ಯಾನಿನ ರೆಕ್ಕೆಗಳನ್ನು ಎಣಿಸಿದ, ಮೂರೇ ಇದ್ದವು, ಮತ್ತೆ ಎಣಿಸಿದ.

ಅಕ್ಕೋರು ಮೈಕಿನ ಮುಂದೆ ನಿಂತರು. ಚೀಟಿ ಬಿಚ್ಚಲಿಲ್ಲ.

"ಮಕ್ಕಳೇ, ಹಿಂದೆ ತೂಗ್ತಾ ಇದೆಯಲ್ಲ, ಅದು ಸುಳ್ಳು."

ಪ್ರಣತಿಯ ಮುಖದ ನಗು ಹಾಗೇ ನಿಂತುಬಿಟ್ಟಿತು. ಅಕ್ಕೋರು ಸಾವಕಾಶವಾಗಿ, ಬೋರ್ಡಿನ ಮೇಲೆ ಗ್ರಹಗಳನ್ನು ಒಂದೊಂದಾಗಿ ಬರೆಯುವ ಹಾಗೆ ಹೇಳಿದರು: ಮಾಜಾಳಿ, ದುರ್ಗಿ, ಹಾಳೆಯ ತುಂಬ ಬಂಗಡೆ, ತಾನು ಮೂಗು ಮುಚ್ಚಿದ್ದು, ಹುಡುಗನೊಬ್ಬನನ್ನು ಕಿಟಕಿಗೆ ಕಳಿಸಿದ್ದು, ಆ ಹುಡುಗ ತನಗಿಟ್ಟ ಹೆಸರು, ತಿನ್ನದ ಸಾರಿಗೆ ಮೂರು ವರ್ಷ ಹೊಗಳಿದ್ದು. ಹುಡುಗನ ಹೆಸರು ಹೇಳಲಿಲ್ಲ. ಹೇಳಿದ್ದರೇ ಒಳ್ಳೆಯದಿತ್ತು. "ಆ ನೌಕೇಲಿ ಹೋಗ್ತಾ ಇರುದು ಜಯಾ ಹೆಗಡೆ ಅಲ್ಲ, ಬಂಗಡೆ ಅಕ್ಕೋರು." ಮುಖ್ಯ ಅತಿಥಿಯ ಬಾಯಲ್ಲಿ ಬಂದ ಮೀನಿಗೆ ನಗಬಹುದೋ ಬಾರದೋ ಎಂದು ಮಕ್ಕಳು ಹೆಡ್‌ಮಾಸ್ತರರ ಮುಖ ನೋಡಿದರು. ಅವರು ಕೆಮ್ಮಿದರು.

"ನಂಗೆ ಒಂದು ತಾಸಿನ ಹಿಂದೆ ಗೊತ್ತಾದದ್ದು. ಅತ್ತುಬಿಟ್ಟೆ. ಆಮೇಲೆ ಲೆಕ್ಕ ಹಾಕಿದೆ. ಅಂಕೋಲೆಯಿಂದ ಶಿರಸಿವರೆಗೆ ಕಲ್ಲು ಹೊಡೆದ್ರೆ ಒಬ್ಬಳು ಜಯಾ ಹೆಗಡೆಗೆ ತಾಗ್ತದೆ. ಇಪ್ಪತ್ತಾರು ಲಕ್ಷದಲ್ಲಿ ಎಷ್ಟು ಜನ ಇದ್ದಾರೋ ಯಾರಿಗೆ ಗೊತ್ತು. ಬಂಗಡೆ ಅಕ್ಕೋರು ಇಡೀ ಸೂರ್ಯಮಂಡಲದಲ್ಲಿ ಒಬ್ಬಳೇ." ಮೂರನೇ ಸಾಲಿನಲ್ಲಿ ಮೀನುಗಾರರ ಮಂಜಗುಣಿಯ ಕಡೆಯ ಹುಡುಗಿಯೊಬ್ಬಳು ಕಿಸಕ್ಕೆಂದು ನಕ್ಕಳು. ಅಕ್ಕೋರು ಅವಳ ಕಡೆಗೇ ತಿರುಗಿದರು. "ನೀನೇ ಹೇಳು ತಂಗಿ. ಮೇಲೆ ಗಡ್ಡೆಗಟ್ಟಿದ ಐಸು, ಕೆಳಗೆ ಸಮುದ್ರ. ಅಂಥ ಜಾಗಕ್ಕೆ ಯಾರನ್ನ ಕಳಿಸ್ಬೇಕು? ಹೆಗಡೆಯನ್ನಾ, ಬಂಗಡೆಯನ್ನಾ?"

"ಬಂಗಡೆ!" ಎಂದಿತು ಇಡೀ ಶಾಲೆ. ಬೆಂಚುಗಳು ಬಡಿದವು, ಹೆಡ್‌ಮಾಸ್ತರರು ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡರು, ಪ್ರಣತಿ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡಳು. ಕಿಶನನೂ ನಗಲು ನೋಡಿದ. ನಲವತ್ತು ಜನರ ನಗು ಅವನ ಬಳಿಯಿತ್ತು, ಒಂದೂ ಸರಿಹೊಂದಲಿಲ್ಲ. ಆಗ ಅಕ್ಕೋರು ನಕ್ಕರು. ಮೂಗಿನಿಂದ ಬರುವ ಆ ಎರಡು ತುಂಡಲ್ಲ. ಬಾಯಿ ತೆರೆದು, ತಲೆ ಹಿಂದಕ್ಕೆಸೆದು, ಎರಡು ಕೈಯಲ್ಲೂ ಮೈಕಿನ ಕಂಬ ಹಿಡಿದುಕೊಂಡು. ಸ್ಪೀಕರು ಕಿರುಚಿತು. ಮಕ್ಕಳ ನಗು ಏರಿ, ಇಳಿದು, ಅಲ್ಲಲ್ಲಿ ಚದುರಿ ನಿಂತಿತು, ಅಕ್ಕೋರದು ನಿಲ್ಲಲಿಲ್ಲ. ಅವನು ಗಾಬರಿಯಾಗಿ ನೀರಿನ ಲೋಟ ಹಿಡಿದು ವೇದಿಕೆಯ ಮೆಟ್ಟಿಲಿಗೆ ಬಂದ. ಕಣ್ಣೀರಿಳಿಯುತ್ತಿದ್ದ ಮುಖವನ್ನು ಅವನ ಕಡೆ ತಿರುಗಿಸಿ, ಕೂತುಕೋ ಎಂದು ಕೈ ಮಾಡಿ, ಅವರು ಇನ್ನೂ ಜೋರಾಗಿ ನಕ್ಕರು.